ಇಮೇಜುಗಳಿಗೆ ಸ್ವಂತ ಉಗ್ರಾಣ: ಯಾವ ರಿಜಿಸ್ಟ್ರಿ ಯಾರಿಗೆ ಸರಿ?

ಆ್ಯಪ್ ಒಂದನ್ನು ಅದು ಓಡಲು ಬೇಕಾದ ಎಲ್ಲದರ ಜೊತೆ ಕಟ್ಟಿದ ಮೂಟೆಯೇ ಕಂಟೇನರ್ ಇಮೇಜ್; ಅಂಥ ಇಮೇಜುಗಳನ್ನು ಇಡುವ ಸರ್ವರ್ ಕಂಟೇನರ್ ರಿಜಿಸ್ಟ್ರಿ. ರಿಜಿಸ್ಟ್ರಿಗಳನ್ನು ಹೋಲಿಸುವವರು ಸಾಮಾನ್ಯವಾಗಿ ಸರಕನ್ನು ಒಳಗೆ ಹಾಕುವುದರಿಂದ ಶುರು ಮಾಡುತ್ತಾರೆ: ಪುಶ್ (ಇಮೇಜ್ ಕಳಿಸುವುದು) ಹೇಗೆ, ಪುಲ್ (ತರಿಸಿಕೊಳ್ಳುವುದು) ಹೇಗೆ, ಪರದೆ ನೋಡಲು ಚೆನ್ನಾಗಿದೆಯೇ. ನಾನು ಹೊರಗೆ ತೆಗೆಯುವುದರಿಂದ ಶುರು ಮಾಡಿ ಎನ್ನುತ್ತೇನೆ. ಪುಶ್ ಮತ್ತು ಪುಲ್ ಎಲ್ಲ ಕಡೆಯೂ ಒಂದೇ. 2021ರಲ್ಲಿ ಕಂಟೇನರ್‌ಗಳ ಮಾನದಂಡ ರೂಪಿಸುವ ಓಪನ್ ಕಂಟೇನರ್ ಇನಿಶಿಯೇಟಿವ್, ಅಂದರೆ ಓಸಿಐ, ವಿತರಣಾ ಮಾನದಂಡದ 1.0 ಆವೃತ್ತಿಯನ್ನು ಹೊರತಂದ ಮೇಲಂತೂ ಅಲ್ಲಿ ಹೋಲಿಸಲು ಹೆಚ್ಚೇನೂ ಉಳಿದಿಲ್ಲ. ಬೇಡವಾದದ್ದನ್ನು ಅಳಿಸಿ ಜಾಗವನ್ನು ಮರಳಿ ಪಡೆಯುವುದು, ಕೆಟ್ಟು ಕೂತಾಗ ಮತ್ತೆ ಎಬ್ಬಿಸುವುದು: ಈ ಎರಡರಲ್ಲಿ ಮಾತ್ರ ಒಂದಕ್ಕೂ ಇನ್ನೊಂದಕ್ಕೂ ಅಜಗಜಾಂತರವಿದೆ.

ಇದನ್ನು ನಾನು ಕಲಿತದ್ದು ಡಿಸ್ಕ್ ತುಂಬಿದ ದಿನ. ನಮ್ಮ ತಂಡ ಒಂದು ಮಧ್ಯಾಹ್ನದೊಳಗೆ ರಿಜಿಸ್ಟ್ರಿಯನ್ನು ಕಟ್ಟಿ ನಿಲ್ಲಿಸಿತ್ತು. ಪ್ರತಿ ಬಿಲ್ಡ್‌ಗೂ ಒಂದು ಹೊಸ ಟ್ಯಾಗ್ ಬಂದು ಸೇರುತ್ತಿತ್ತು. ಕೆಲವು ತಿಂಗಳ ಬಳಿಕ ಪುಶ್‌ಗಳು ಒಂದೊಂದಾಗಿ ವಿಫಲವಾಗತೊಡಗಿದವು. ನೂರಾರು ಹಳೆಯ ಟ್ಯಾಗ್‌ಗಳನ್ನು ಅಳಿಸಿದೆ. ಡಿಸ್ಕ್‌ನಲ್ಲಿ ಎಳ್ಳಷ್ಟೂ ಜಾಗ ಆಗಲಿಲ್ಲ. ಗಾಬರಿಯಲ್ಲಿ, ಸರ್ವರ್ ಓಡುತ್ತಿರುವಾಗಲೇ ಕಸ ತೆಗೆಯುವ ಆಜ್ಞೆ ಕೊಟ್ಟೆ. ಅದೇ ಹೊತ್ತಿಗೆ ಬಂದು ಇಳಿಯುತ್ತಿದ್ದ ಒಂದು ಇಮೇಜ್ ತನ್ನ ಕೆಲವು ಪದರಗಳನ್ನು ಕಳೆದುಕೊಂಡಿತು. ಪಟ್ಟಿಯಲ್ಲಿ ಅದರ ಹೆಸರು ಇತ್ತು, ಪುಲ್ ಮಾಡಿದರೆ ಬರುತ್ತಿರಲಿಲ್ಲ.

ಹೀಗಾಗುವುದಕ್ಕೆ ಕಾರಣ ಇಮೇಜಿನ ರಚನೆಯಲ್ಲೇ ಇದೆ. ಇಮೇಜ್ ಎಂದರೆ ಒಂದು ಇಡಿಯಾದ ಕಡತವಲ್ಲ. ಹಲವು ಪದರಗಳು, ಮತ್ತು ಯಾವ ಪದರಗಳು ಸೇರಬೇಕು ಎಂದು ಹೇಳುವ ಒಂದು ಮ್ಯಾನಿಫೆಸ್ಟ್. ಪ್ರತಿಯೊಂದಕ್ಕೂ ಅದರ ಒಳಗಿನ ಬೈಟ್‌ಗಳಿಂದಲೇ ಲೆಕ್ಕ ಹಾಕಿದ ಎಸ್‌ಎಚ್‌ಎ-256 ಡೈಜೆಸ್ಟ್, ಅಂದರೆ ಬೆರಳಚ್ಚಿನಂತಹ ಸಂಖ್ಯೆ, ಹೆಸರಾಗಿರುತ್ತದೆ. ಹತ್ತು ಇಮೇಜುಗಳು ಒಂದೇ ತಳಹದಿಯ ಮೇಲೆ ಕಟ್ಟಿದವಾದರೆ ಆ ತಳದ ಪದರ ಡಿಸ್ಕ್‌ನಲ್ಲಿ ಒಂದೇ ಸಲ ಇದ್ದರೆ ಸಾಕು. ಟ್ಯಾಗ್ ಎನ್ನುವುದು ಮ್ಯಾನಿಫೆಸ್ಟ್‌ನತ್ತ ಬೆರಳು ತೋರಿಸುವ ಚೀಟಿ ಮಾತ್ರ. ಚೀಟಿ ಹರಿದರೆ ಮೂಟೆ ಖಾಲಿಯಾಗುವುದಿಲ್ಲ. ಯಾವ ಪದರ ಯಾರಿಗೂ ಬೇಡವಾಗಿದೆ ಎಂದು ತಿಳಿಯಲು ಎಲ್ಲ ಮ್ಯಾನಿಫೆಸ್ಟ್‌ಗಳನ್ನೂ ಓದಿ, ಬೇಕಾದವಕ್ಕೆ ಗುರುತು ಹಾಕಿ, ಗುರುತಿಲ್ಲದವನ್ನು ಅಳಿಸಬೇಕು. ಗಾರ್ಬೇಜ್ ಕಲೆಕ್ಷನ್ ಎಂದರೆ ಇಷ್ಟೇ. ಆದರೆ ಪುಶ್ ಮಾಡುವಾಗ ಪದರಗಳು ಮೊದಲು ಬರುತ್ತವೆ, ಮ್ಯಾನಿಫೆಸ್ಟ್ ಕೊನೆಯಲ್ಲಿ ಬರುತ್ತದೆ. ಆ ನಡುವಿನ ಹೊತ್ತಿನಲ್ಲಿ ಹೊಸ ಪದರವೂ ವಾರಸುದಾರರಿಲ್ಲದ ಕಸದಂತೆಯೇ ಕಾಣುತ್ತದೆ. ಈ ಸಂದಿಗ್ಧವನ್ನು ಯಾವ ರಿಜಿಸ್ಟ್ರಿ ಹೇಗೆ ನಿಭಾಯಿಸುತ್ತದೆ ಎನ್ನುವುದೇ ನನ್ನ ಮೊದಲ ಅಳತೆಗೋಲು.

ಮೊದಲು, ಸ್ವಂತದ್ದು ಬೇಕೇ?

ಎಲ್ಲರಿಗೂ ಬೇಕಿಲ್ಲ. ಇಬ್ಬರ ತಂಡ, ಒಂದೇ ಆ್ಯಪ್, ಕೋಡ್ ಯಾವುದೋ ಹೋಸ್ಟಿಂಗ್ ಸೇವೆಯಲ್ಲಿದೆ ಎಂದಾದರೆ ಆ ಸೇವೆಯೇ ಕೊಡುವ ರಿಜಿಸ್ಟ್ರಿಯನ್ನು ಬಳಸಿ ನೆಮ್ಮದಿಯಾಗಿರಬಹುದು. ಸ್ವಂತದ್ದು ಬೇಕೆನಿಸುವುದಕ್ಕೆ ಗಟ್ಟಿಯಾದ ಕಾರಣಗಳು ಕೆಲವೇ. ಒಂದು, ಹೊರಗಿನ ಅಂತರ್ಜಾಲವೇ ತಲುಪದ ಜಾಲ. ಎರಡು, ಇಮೇಜ್ ಯಾರ ಕೈಯಲ್ಲಿದೆ ಎಂಬುದಕ್ಕೆ ನೀವೇ ಉತ್ತರ ಹೇಳಬೇಕಾದ ಕೆಲಸ. ಮೂರನೆಯದು ಹೊರಗಿನ ಉಗ್ರಾಣಗಳು ತಮ್ಮ ನಿಯಮ ಬದಲಿಸುವುದು. 2020ರ ನವೆಂಬರ್‌ನಲ್ಲಿ ಕಂಟೇನರ್ ಉಪಕರಣ ಡಾಕರ್‌ನ ಸಾರ್ವಜನಿಕ ರಿಜಿಸ್ಟ್ರಿಯಾದ ಡಾಕರ್ ಹಬ್ ಪುಲ್‌ಗಳಿಗೆ ಮಿತಿ ಹಾಕಿತು: ಲಾಗಿನ್ ಇಲ್ಲದೆ ಬರುವ ಪ್ರತಿ ಐಪಿ ವಿಳಾಸಕ್ಕೆ 6 ಗಂಟೆಗೆ 100, ಉಚಿತ ಖಾತೆಗೆ 200. ಇಡೀ ಕಚೇರಿ ಒಂದೇ ಐಪಿಯ ಹಿಂದೆ ಕುಳಿತಿದ್ದರೆ ಆ ನೂರು ಎಲ್ಲರಿಗೂ ಸೇರಿದ ನೂರು. ಹಲವು ಯಂತ್ರಗಳಲ್ಲಿ ಕಂಟೇನರ್‌ಗಳನ್ನು ನಡೆಸುವ ಕುಬರ್ನೆಟಿಸ್ ಯೋಜನೆಯೂ ತನ್ನ ಇಮೇಜುಗಳನ್ನು ಹೊಸ ವಿಳಾಸಕ್ಕೆ ಸಾಗಿಸಿ, 2023ರ ಏಪ್ರಿಲ್‌ನಲ್ಲಿ ಹಳೆಯ ವಿಳಾಸಕ್ಕೆ ಹೊಸದೇನನ್ನೂ ಸೇರಿಸುವುದನ್ನು ನಿಲ್ಲಿಸಿತು.

ಮೂರನೆಯ ಕಾರಣವಷ್ಟೇ ನಿಮ್ಮದಾಗಿದ್ದರೆ ಒಂದು ವಿಷಯ ಗಮನಿಸಿ. ನಿಮಗೆ ಬೇಕಾಗಿರುವುದು ಉಗ್ರಾಣವಲ್ಲ, ನಡುವೆ ನಿಂತು ಒಮ್ಮೆ ತಂದದ್ದನ್ನು ನೆನಪಿಟ್ಟುಕೊಳ್ಳುವ ಕ್ಯಾಶ್. ಅದು ತುಂಬಾ ಹಗುರವಾದ ಕೆಲಸ. ಕ್ಯಾಶ್ ಪೂರ್ತಿ ಹಾಳಾದರೂ ಮೂಲ ಅಲ್ಲೇ ಇರುತ್ತದೆ. ಬ್ಯಾಕಪ್‌ನ ಚಿಂತೆಯೇ ಇಲ್ಲ. ಕ್ಯಾಶ್ ಬೇಕಿದ್ದಾಗ ಉಗ್ರಾಣ ಕಟ್ಟಿ, ವರ್ಷಗಟ್ಟಲೆ ಅದರ ಚಾಕರಿ ಮಾಡುವ ತಂಡಗಳನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಗಿದೆ.

ಡಿಸ್ಟ್ರಿಬ್ಯೂಶನ್: ಬರಿಯ ಗೋಡೆ, ಬಾಗಿಲು

ಡಾಕರ್ ಸಂಸ್ಥೆ ಬರೆದು, 2021ರಲ್ಲಿ ಮುಕ್ತ ತಂತ್ರಾಂಶ ಯೋಜನೆಗಳನ್ನು ಪೋಷಿಸುವ ಕ್ಲೌಡ್ ನೇಟಿವ್ ಕಂಪ್ಯೂಟಿಂಗ್ ಫೌಂಡೇಶನ್‌ಗೆ, ಅಂದರೆ ಸಿಎನ್‌ಸಿಎಫ್‌ಗೆ, ಒಪ್ಪಿಸಿದ ಮೂಲ ರಿಜಿಸ್ಟ್ರಿ ಇದು. 3.0 ಆವೃತ್ತಿ 2025ರಲ್ಲಿ ಬಂತು. ಒಂದು ಪ್ರೋಗ್ರಾಂ, ಸೆಟ್ಟಿಂಗ್‌ಗಳ ಒಂದು ಯಾಮಲ್ ಕಡತ, 5000ನೇ ಪೋರ್ಟ್, ಡೇಟಾಬೇಸ್ ಬೇಡ. ಇತರ ಹಲವು ರಿಜಿಸ್ಟ್ರಿಗಳ ಹೊಟ್ಟೆಯೊಳಗೂ ಇದೇ ಕೂತಿದೆ, ಹಾರ್ಬರ್ ಸೇರಿದಂತೆ.

ಇದರ ಸರಳತೆಗೆ ತೆರಬೇಕಾದ ಬೆಲೆ ಅಳಿಸುವಾಗ ಗೊತ್ತಾಗುತ್ತದೆ. ಅಳಿಸುವ ಸೌಲಭ್ಯವನ್ನು ಸಂರಚನೆಯಲ್ಲಿ (ಕಾನ್ಫಿಗರೇಶನ್) ನೀವೇ ತೆರೆದುಕೊಳ್ಳಬೇಕು. ಕಸ ತೆಗೆಯಲು ಬೇರೆಯೇ ಆಜ್ಞೆ. ಅದು ಓಡುವಾಗ ಸರ್ವರ್ ನಿಂತಿರಬೇಕು ಅಥವಾ ಓದಲು ಮಾತ್ರ ತೆರೆದಿರಬೇಕು. ಇನ್ನೊಂದು ಹಳ್ಳವಿದೆ. ಒಂದೇ ಹೆಸರಿನಡಿ ಇಂಟೆಲ್ ಪ್ರೊಸೆಸರ್‌ಗೂ ಆರ್ಮ್ ಪ್ರೊಸೆಸರ್‌ಗೂ ಇಮೇಜ್ ಇಟ್ಟಾಗ, ಟ್ಯಾಗ್ ಇರುವುದು ಮೇಲಿನ ಸೂಚಿಗೆ ಮಾತ್ರ; ಒಳಗಿನ ಮ್ಯಾನಿಫೆಸ್ಟ್‌ಗಳಿಗೆ ಟ್ಯಾಗ್ ಇರುವುದಿಲ್ಲ. 2ರ ಸರಣಿಯಲ್ಲಿ ಟ್ಯಾಗ್ ಇಲ್ಲದ್ದನ್ನೂ ಅಳಿಸು ಎಂಬ ಆಯ್ಕೆ ಕೊಟ್ಟರೆ ಈ ಒಳಗಿನವು ಕೂಡ ಹೋಗಿಬಿಡುತ್ತಿದ್ದವು. ಹಳೆಯ ಆವೃತ್ತಿ ಓಡಿಸುತ್ತಿರುವವರು ಆ ಆಯ್ಕೆಯನ್ನು ಮುಟ್ಟಬಾರದು.

ಬಾಗಿಲು ಕಾಯುವುದರಲ್ಲೂ ಇದು ಒರಟು. ಪಾಸ್‌ವರ್ಡ್ ಕಡತವೊಂದನ್ನು ಕೊಡಬಹುದು, ಅದರಲ್ಲಿ ಬಿಕ್ರಿಪ್ಟ್ ಎಂಬ ಗೂಢ ರೂಪದ ಪಾಸ್‌ವರ್ಡ್‌ಗಳು ಮಾತ್ರ ನಡೆಯುತ್ತವೆ. ಆದರೆ ಒಳಗೆ ಬಂದವರೆಲ್ಲರೂ ಎಲ್ಲದಕ್ಕೂ ಒಡೆಯರು. ಈ ತಂಡಕ್ಕೆ ಇದು, ಆ ತಂಡಕ್ಕೆ ಅದು ಎಂದು ಹಂಚಬೇಕಾದರೆ ಟೋಕನ್ ಕೊಡುವ ಸರ್ವರ್ ಒಂದನ್ನು ನೀವೇ ಪಕ್ಕದಲ್ಲಿ ನಿಲ್ಲಿಸಬೇಕು. ಅಷ್ಟು ಮಾಡುವ ಹೊತ್ತಿಗೆ ಬೇರೆ ರಿಜಿಸ್ಟ್ರಿ ಆರಿಸಿದ್ದರೆ ಚೆನ್ನಾಗಿತ್ತು ಎನಿಸುತ್ತದೆ.

ಕ್ಯಾಶ್ ಆಗಿ ಮಾತ್ರ ಇದನ್ನು ನಾನು ಮನಃಪೂರ್ವಕ ಶಿಫಾರಸು ಮಾಡುತ್ತೇನೆ. ಒಂದು ಪ್ರಕ್ರಿಯೆ ಒಂದೇ ಮೂಲಕ್ಕೆ ಕ್ಯಾಶ್ ಆಗಬಲ್ಲದು, ಮತ್ತು ಕ್ಯಾಶ್ ಆಗಿರುವುದಕ್ಕೆ ನಿಮ್ಮ ಇಮೇಜುಗಳನ್ನು ಪುಶ್ ಮಾಡುವಂತಿಲ್ಲ. ನಾಲ್ಕು ಮೂಲಗಳಿದ್ದರೆ ನಾಲ್ಕು ಪ್ರಕ್ರಿಯೆ. ಇದರ ಜೊತೆಗೆ ನೆನಪಿಡಬೇಕಾದದ್ದು, ಡಾಕರ್‌ನ ಸಂರಚನೆಯಲ್ಲಿ ಕೊಡುವ ಮಿರರ್ (ಕ್ಯಾಶ್‌ನ) ವಿಳಾಸ ಡಾಕರ್ ಹಬ್‌ನ ಇಮೇಜುಗಳಿಗೆ ಮಾತ್ರ ಅನ್ವಯಿಸುತ್ತದೆ. ಕಂಟೇನರ್ ಓಡಿಸುವ ಇನ್ನೊಂದು ಪ್ರೋಗ್ರಾಂ ಕಂಟೇನರ್‌ಡಿ ಆದರೆ ಪ್ರತಿ ಮೂಲಕ್ಕೂ ಬೇರೆ ಬೇರೆ ಮಿರರ್ ಸೂಚಿಸಬಹುದು.

ಝೊಟ್: ಸಣ್ಣ ತಂಡಕ್ಕೆ ನನ್ನ ಮೊದಲ ಆಯ್ಕೆ

ಸಿಸ್ಕೋದಲ್ಲಿ ಹುಟ್ಟಿ 2022ರಲ್ಲಿ ಸಿಎನ್‌ಸಿಎಫ್‌ನ ಆರಂಭಿಕ ಹಂತವಾದ ಸ್ಯಾಂಡ್‌ಬಾಕ್ಸ್ ಸೇರಿದ ಯೋಜನೆ ಇದು. ಇದೂ ಒಂದೇ ಪ್ರೋಗ್ರಾಂ, ಇದಕ್ಕೂ ಹೊರಗಿನ ಡೇಟಾಬೇಸ್ ಕಡ್ಡಾಯವಲ್ಲ. ಆದರೆ ಡಿಸ್ಟ್ರಿಬ್ಯೂಶನ್‌ನಲ್ಲಿ ನನ್ನನ್ನು ಕಾಡಿದ ಎರಡೂ ಕೊರತೆಗಳು ಇಲ್ಲಿ ಇಲ್ಲ. ಕಸ ತೆಗೆಯುವ ಕೆಲಸ ಸರ್ವರ್ ಓಡುತ್ತಿರುವಾಗಲೇ, ತಾನೇ, ನಿಗದಿತ ಅವಧಿಗೊಮ್ಮೆ ನಡೆಯುತ್ತದೆ. ಈಚೆಗೆ ಬಂದ ಪದರಗಳನ್ನು ಮುಟ್ಟದೆ ಇಷ್ಟು ಹೊತ್ತು ಕಾಯಬೇಕು ಎಂದು ಹೇಳುವ ಅವಕಾಶವಿದೆ. ನಾನು ಎಡವಿದ ಜಾಗಕ್ಕೆ ಇದೇ ಸರಿಯಾದ ಮದ್ದು. ಯಾವ ಟ್ಯಾಗ್‌ಗಳನ್ನು ಎಷ್ಟು ಕಾಲ ಇಟ್ಟುಕೊಳ್ಳಬೇಕು ಎಂಬ ನಿಯಮವನ್ನೂ ಅಲ್ಲೇ ಬರೆಯಬಹುದು. ಯಾವ ಹಾದಿಯ ಇಮೇಜುಗಳನ್ನು ಯಾರು ಓದಬಹುದು, ಯಾರು ಬರೆಯಬಹುದು ಎಂಬುದೂ ಅದೇ ಸಂರಚನೆಯ ಕಡತದಲ್ಲಿ ಇರುತ್ತದೆ. ಅಂದರೆ ಇಡೀ ಉಗ್ರಾಣದ ಕಾನೂನು, ಕೋಡಿನ ಇತಿಹಾಸ ಕಾಯುವ ಗಿಟ್‌ನಲ್ಲಿ ಇಡಬಹುದಾದ ಒಂದೇ ಕಡತ. ಇದು ಚಿಕ್ಕ ಸಂಗತಿಯಲ್ಲ: ಸರ್ವರ್ ಸತ್ತರೆ ಹೊಸ ಯಂತ್ರದಲ್ಲಿ ಆ ಕಡತ ಮತ್ತು ಡಿಸ್ಕ್‌ನ ನಕಲು ಇದ್ದರೆ ಉಗ್ರಾಣ ಮತ್ತೆ ಬಾಗಿಲು ತೆರೆಯುತ್ತದೆ.

ಡಿಸ್ಕ್‌ನಲ್ಲಿ ಇಮೇಜುಗಳು ಓಸಿಐನ ಪ್ರಮಾಣಿತ ವಿನ್ಯಾಸದಲ್ಲೇ ಇರುತ್ತವೆ. ಸರ್ವರ್ ಇಲ್ಲದಿದ್ದರೂ ಇಮೇಜುಗಳನ್ನು ನಕಲು ಮಾಡುವ ಸ್ಕೋಪಿಯೋದಂತಹ ಉಪಕರಣ ಅವನ್ನು ನೇರವಾಗಿ ಓದಬಲ್ಲದು. ಒಂದೇ ಪದರ ಹಲವು ಕಡೆ ಇದ್ದರೆ ಹಾರ್ಡ್ ಲಿಂಕ್‌ಗಳ (ಒಂದೇ ಕಡತಕ್ಕೆ ಹಲವು ಹೆಸರು) ಮೂಲಕ ಜಾಗ ಉಳಿಸುತ್ತದೆ. ಹಾಗಾಗಿ ಬ್ಯಾಕಪ್ ಮಾಡುವ ಉಪಕರಣಕ್ಕೆ ಹಾರ್ಡ್ ಲಿಂಕ್ ಗುರುತಿಸಲು ಬರಬೇಕು, ಇಲ್ಲದಿದ್ದರೆ ನಕಲು ಮೂಲಕ್ಕಿಂತ ದಪ್ಪವಾಗಿ ಕೂರುತ್ತದೆ. ಹಲವು ಮೂಲಗಳಿಗೆ ಒಂದೇ ಪ್ರಕ್ರಿಯೆ ಕ್ಯಾಶ್ ಆಗಬಲ್ಲದು. ಹುಡುಕುವ ಪರದೆ, ಟ್ರಿವಿ ಆಧಾರಿತ ಭದ್ರತಾ ತಪಾಸಣೆ ಎರಡೂ ಇವೆ, ಬೇಡವೆಂದರೆ ಅವಿಲ್ಲದ ಕಿರಿದಾದ ಬಿಲ್ಡ್ ಕೂಡ ಇದೆ.

ಎಚ್ಚರಿಕೆ ಬೇಕಾದ ಕಡೆ ಒಂದೇ. ಇದು ಓಸಿಐ ರೂಪಕ್ಕೆ ಕಟ್ಟುನಿಟ್ಟಾಗಿ ಅಂಟಿಕೊಂಡ ರಿಜಿಸ್ಟ್ರಿ. ಡಾಕರ್‌ನ ಹಳೆಯ ಮ್ಯಾನಿಫೆಸ್ಟ್ ರೂಪವನ್ನು ಇದ್ದಂತೆಯೇ ಸ್ವೀಕರಿಸಬೇಕೆಂದರೆ ಹೊಂದಾಣಿಕೆಯ ಆಯ್ಕೆಯನ್ನು ತೆರೆಯಬೇಕು. ಹೊರಗಿನಿಂದ ಇಮೇಜ್ ತರುವಾಗ ರೂಪ ಬದಲಾದರೆ ಡೈಜೆಸ್ಟ್ ಕೂಡ ಬದಲಾಗುತ್ತದೆ, ಡೈಜೆಸ್ಟ್ ಹಿಡಿದು ಪುಲ್ ಮಾಡುವವರ ಕೆಲಸ ಅಲ್ಲೇ ನಿಲ್ಲುತ್ತದೆ. ಮೊದಲ ದಿನವೇ ಈ ಆಯ್ಕೆಯನ್ನು ಪರೀಕ್ಷಿಸಿ ನೋಡಿ.

ಹಾರ್ಬರ್: ಹಲವು ತಂಡಗಳಿದ್ದಾಗ

ವಿಎಂವೇರ್ ಒಳಗೆ 2014ರಲ್ಲಿ ಶುರುವಾಗಿ, 2016ರಲ್ಲಿ ಮುಕ್ತ ತಂತ್ರಾಂಶವಾಗಿ, 2018ರಲ್ಲಿ ಸಿಎನ್‌ಸಿಎಫ್ ಸೇರಿ, 2020ರಲ್ಲಿ ಅಲ್ಲಿನ ಪದವೀಧರ (ಪೂರ್ಣ ಪಕ್ವ) ಯೋಜನೆಯಾದದ್ದು ಹಾರ್ಬರ್. ತಂಡಕ್ಕೊಂದು ಪ್ರಾಜೆಕ್ಟ್, ಪ್ರಾಜೆಕ್ಟ್‌ಗೊಂದು ಜಾಗದ ಮಿತಿ, ಯಂತ್ರಗಳಿಗೆಂದೇ ರೋಬೋಟ್ ಖಾತೆಗಳು, ಬದಲಿಸಲಾಗದ ಟ್ಯಾಗ್‌ಗಳು, ಇನ್ನೊಂದು ಕಡೆಗೆ ಪ್ರತಿರೂಪ ಕಳಿಸುವುದು, ಯಾರು ಏನು ಮಾಡಿದರು ಎಂಬ ದಾಖಲೆ: ದೊಡ್ಡ ಸಂಸ್ಥೆಯ ಲೆಕ್ಕಪರಿಶೋಧಕರು ಕೇಳುವ ಪ್ರಶ್ನೆಗಳಲ್ಲಿ ಬಹುಪಾಲು ಉತ್ತರ ಇಲ್ಲಿ ಸಿದ್ಧವಿದೆ. 2.1 ಆವೃತ್ತಿಯಿಂದ ಕಸ ತೆಗೆಯುವಾಗ ಪುಶ್ ನಿಲ್ಲಿಸಬೇಕಿಲ್ಲ. ಕ್ಯಾಶ್ ಆಗುವ ಸೌಲಭ್ಯವೂ ಅದೇ ಆವೃತ್ತಿಯಲ್ಲಿ ಬಂತು. ಅಳಿಸುವ ವಿಷಯದಲ್ಲಿ ಇದಕ್ಕೆ ನಾನು ಪೂರ್ಣ ಅಂಕ ಕೊಡುತ್ತೇನೆ.

ಮತ್ತೆ ಎಬ್ಬಿಸುವ ವಿಷಯದಲ್ಲಿ ಅಷ್ಟು ಕೊಡಲಾರೆ. ಹಾರ್ಬರ್ ಒಂದು ಪ್ರೋಗ್ರಾಂ ಅಲ್ಲ, ಒಂದು ಸಂಸಾರ. ಪೋಸ್ಟ್‌ಗ್ರೆಸ್ ಡೇಟಾಬೇಸ್, ರೆಡಿಸ್ ಕ್ಯಾಶ್, ಕೆಲಸ ಹಂಚುವ ಸೇವೆ, ಪರದೆ, ಒಳಗೊಂದು ಡಿಸ್ಟ್ರಿಬ್ಯೂಶನ್, ಬೇಕಿದ್ದರೆ ಟ್ರಿವಿ. ಅದರ ದಾಖಲೆಗಳೇ ಕನಿಷ್ಠ 2 ಸಿಪಿಯು, 4 ಜಿಬಿ ಮೆಮೊರಿ, 40 ಜಿಬಿ ಡಿಸ್ಕ್ ಕೇಳುತ್ತವೆ. ಶಿಫಾರಸು ಮಾಡುವುದು 4 ಸಿಪಿಯು, 8 ಜಿಬಿ, 160 ಜಿಬಿ. ಬ್ಯಾಕಪ್ ಎಂದರೆ ಡೇಟಾಬೇಸ್ ಮತ್ತು ಇಮೇಜುಗಳ ಡಿಸ್ಕ್ ಎರಡೂ ಒಂದೇ ಹೊತ್ತಿನವಾಗಿರಬೇಕು. ಒಂದು ನಿನ್ನೆಯದು, ಇನ್ನೊಂದು ಮೊನ್ನೆಯದು ಆದರೆ ಪರದೆಯಲ್ಲಿ ಕಾಣುವ ಇಮೇಜ್ ಡಿಸ್ಕ್‌ನಲ್ಲಿ ಇರುವುದಿಲ್ಲ. ಆವೃತ್ತಿ ಏರಿಸುವಾಗ ಡೇಟಾಬೇಸ್ ರೂಪಾಂತರವಾಗುತ್ತದೆ, ಹಿಂದಕ್ಕೆ ಬರಲು ಬ್ಯಾಕಪ್ ಒಂದೇ ದಾರಿ. ಆದ್ದರಿಂದ ಬಹಳ ಕಾಲ ಏರಿಸದೆ ಬಿಟ್ಟ ಹಾರ್ಬರ್ ಒಂದು ಸಾಲದ ಹಾಗೆ ಬೆಳೆಯುತ್ತದೆ. ಸೌಲಭ್ಯಗಳು ಹೋಗುವುದೂ ಉಂಟು: ಕುಬರ್ನೆಟಿಸ್‌ನ ಪೊಟ್ಟಣಗಳಾದ ಹೆಲ್ಮ್ ಚಾರ್ಟ್‌ಗಳಿಗಿದ್ದ ಚಾರ್ಟ್‌ಮ್ಯೂಸಿಯಂ 2.8ರಲ್ಲಿ ಹೋಯಿತು, ಸಹಿಗಳಿಗಿದ್ದ ನೋಟರಿ 2.9ರಲ್ಲಿ ಹೋಯಿತು. ಅವನ್ನು ನಂಬಿದ್ದವರು ಚಾರ್ಟ್‌ಗಳನ್ನು ಓಸಿಐ ರೂಪಕ್ಕೂ ಸಹಿಗಳನ್ನು ಕೋಸೈನ್‌ನಂತಹ ಉಪಕರಣಕ್ಕೂ ಒಯ್ಯಬೇಕಾಯಿತು.

ಇದನ್ನು ಸ್ಥಾಪಿಸುವವರಿಗೆ ಒಂದು ಕಿವಿಮಾತು. ಬಳಕೆದಾರರು ಎಲ್ಲಿಂದ ಬರುತ್ತಾರೆ, ಹಾರ್ಬರ್‌ನದೇ ಡೇಟಾಬೇಸೋ, ಸಂಸ್ಥೆಯ ಎಲ್‌ಡ್ಯಾಪ್ ಬಳಕೆದಾರರ ಪಟ್ಟಿಯೋ, ಓಐಡಿಸಿ ಮೂಲಕದ ಹೊರಗಿನ ಲಾಗಿನ್ ಸೇವೆಯೋ ಎಂಬುದನ್ನು ಮೊದಲ ಬಳಕೆದಾರರನ್ನು ಸೇರಿಸುವ ಮುನ್ನವೇ ತೀರ್ಮಾನಿಸಿ. ಸ್ಥಳೀಯ ಬಳಕೆದಾರರು ಸೇರಿಕೊಂಡ ಮೇಲೆ ಅದನ್ನು ಬದಲಿಸಲು ಹಾರ್ಬರ್ ಬಿಡುವುದಿಲ್ಲ. ಸುಮ್ಮನೆ ನೋಡೋಣ ಎಂದು ನಾಲ್ಕು ಖಾತೆ ತೆರೆದು, ನಂತರ ಎಲ್ಲವನ್ನೂ ಬಿಚ್ಚಿ ಮತ್ತೆ ಕಟ್ಟಬೇಕಾದ ಸ್ಥಿತಿಗೆ ಬರುವುದು ಬಹಳ ಸುಲಭ.

ಹಾರ್ಬರ್ ನೋಡಿಕೊಳ್ಳಲು ಹೆಸರು ಹಿಡಿದು ಹೇಳಬಹುದಾದ ಒಬ್ಬರು ಇದ್ದರೆ ಅದು ಅತ್ಯುತ್ತಮ ಆಯ್ಕೆ. ಬಿಡುವಿದ್ದವರು ನೋಡಿಕೊಳ್ಳುತ್ತಾರೆ ಎನ್ನುವ ತಂಡಕ್ಕೆ ಬೇಡ.

ಕೋಡ್ ಇರುವಲ್ಲೇ ಇಮೇಜ್

ಕೋಡ್ ಇಡುವ ಸರ್ವರ್‌ಗಳಲ್ಲಿ ಗಿಟ್‌ಲ್ಯಾಬ್ 2016ರ 8.8 ಆವೃತ್ತಿಯಿಂದಲೂ, ಗಿಟೀ 2022ರ 1.17 ಆವೃತ್ತಿಯಿಂದಲೂ ತಮ್ಮೊಳಗೇ ಕಂಟೇನರ್ ರಿಜಿಸ್ಟ್ರಿ ಇಟ್ಟುಕೊಂಡಿವೆ. ಗಿಟೀಯಿಂದ ಕವಲೊಡೆದ ಫೋರ್ಜೆಯೋದಲ್ಲೂ ಇದೆ. ಇವುಗಳಲ್ಲಿ ಒಂದನ್ನು ನೀವು ಆಗಲೇ ನಡೆಸುತ್ತಿದ್ದರೆ ಬೇರೆ ಏನನ್ನೂ ಸ್ಥಾಪಿಸುವ ಮುನ್ನ ಇದನ್ನೇ ಪ್ರಯತ್ನಿಸಿ. ಖಾತೆಗಳು ಅವೇ, ಹಕ್ಕುಗಳು ಅವೇ, ಬ್ಯಾಕಪ್ ಕೂಡ ಅದೇ. ತಂಡ ಬಿಟ್ಟು ಹೋದವರ ಪ್ರವೇಶ ಒಂದೇ ಕಡೆ ಮುಚ್ಚುತ್ತದೆ ಎನ್ನುವುದು ಭದ್ರತೆಯ ದೃಷ್ಟಿಯಿಂದ ಬಹಳ ದೊಡ್ಡ ಲಾಭ. ಗಿಟೀಯಲ್ಲಿ ಹಳೆಯವನ್ನು ಅಳಿಸುವ ನಿಯಮಗಳನ್ನು ಬರೆದಿಡಬಹುದು. ಗಿಟ್‌ಲ್ಯಾಬ್‌ನಲ್ಲಿ ಟ್ಯಾಗ್ ಅಳಿಸುವ ನೀತಿ ಬೇರೆ, ಕಸ ತೆಗೆಯುವುದು ಬೇರೆ ಎನ್ನುವುದನ್ನು ಮರೆಯಬೇಡಿ. ರಿಜಿಸ್ಟ್ರಿಗೆ ಮೆಟಾಡೇಟಾ ಡೇಟಾಬೇಸ್ ಜೋಡಿಸಿದರೆ ಎರಡನೆಯದು ಓಡುತ್ತಿರುವಾಗಲೇ ನಡೆಯುತ್ತದೆ. ತೊಂದರೆ ಎಂದರೆ ಗಿಟ್ ಸರ್ವರ್ ಬಿದ್ದರೆ ಕೋಡೂ ಇಲ್ಲ, ಇಮೇಜೂ ಇಲ್ಲ. ಇಮೇಜುಗಳಿಗಾದರೂ ಬೇರೆ ಡಿಸ್ಕ್ ಅಥವಾ ಆಬ್ಜೆಕ್ಟ್ ಸ್ಟೋರೇಜ್ (ಕಡತಗಳನ್ನು ಜಾಲದ ಮೂಲಕ ಇಡುವ ಸೇವೆ) ಕೊಡಿ, ಇಲ್ಲವಾದರೆ ಒಂದು ದಿನ ಇಮೇಜ್ ತುಂಬಿ ಕೋಡ್ ಕಮಿಟ್ ನಿಲ್ಲುತ್ತದೆ.

ಉಳಿದವು ಬೇಗ ಮುಗಿಯುತ್ತವೆ. ರೆಡ್ ಹ್ಯಾಟ್ 2019ರಲ್ಲಿ ಮುಕ್ತಗೊಳಿಸಿದ ಕ್ವೇ, ಕ್ಲೇರ್ ಭದ್ರತಾ ತಪಾಸಣೆಯೊಂದಿಗೆ ಬರುತ್ತದೆ. ರೆಡ್ ಹ್ಯಾಟ್‌ನದೇ ಕುಬರ್ನೆಟಿಸ್ ಆದ ಓಪನ್‌ಶಿಫ್ಟ್ ನಡೆಸುವವರಿಗೆ ಸಹಜವಾದ ಆಯ್ಕೆ, ಉಳಿದವರಿಗೆ ಹಾರ್ಬರ್‌ನಷ್ಟೇ ಭಾರ. ಮೇವನ್, ಎನ್‌ಪಿಎಂ ಪೊಟ್ಟಣಗಳಿಗೆಂದು ನೆಕ್ಸಸ್ ಆಗಲೇ ಇದ್ದರೆ ಅದರಲ್ಲೇ ಇಮೇಜ್ ಇಡಬಹುದು, ಉಚಿತ ಆವೃತ್ತಿಯ ಮಿತಿಗಳನ್ನು ಓದಿಕೊಂಡು. ಪೋರ್ಟಸ್ ಎಂಬ ಹೆಸರು ಹಳೆಯ ಬರಹಗಳಲ್ಲಿ ಇನ್ನೂ ಸಿಗುತ್ತದೆ. ಅದರ ಅಭಿವೃದ್ಧಿ ನಿಂತಿದೆ, ಆರಿಸಬೇಡಿ.

ಯಾವುದನ್ನು ಆರಿಸಿದರೂ ಎದುರಾಗುವವು

ಡಾಕರ್ ತನ್ನದೇ ಯಂತ್ರದ ವಿಳಾಸ ಬಿಟ್ಟರೆ ಉಳಿದೆಡೆ ಎಚ್‌ಟಿಟಿಪಿಎಸ್ ಇಲ್ಲದ ರಿಜಿಸ್ಟ್ರಿಯನ್ನು ಒಪ್ಪುವುದಿಲ್ಲ. ಪ್ರತಿ ಯಂತ್ರದಲ್ಲೂ ವಿನಾಯಿತಿ ಬರೆಯುತ್ತಾ ಹೋಗುವುದಕ್ಕಿಂತ ಒಂದು ಸರಿಯಾದ ಪ್ರಮಾಣಪತ್ರ ಹಾಕುವುದು ಸುಲಭ. ರಿಜಿಸ್ಟ್ರಿಯ ಮುಂದೆ ಎಂಜಿನ್‌ಎಕ್ಸ್ ವೆಬ್ ಸರ್ವರ್ ಇಟ್ಟರೆ, ಅದು ಮೊದಲಿನಿಂದಲೇ 1 ಎಂಬಿಗಿಂತ ದೊಡ್ಡ ವಿನಂತಿಯನ್ನು ತಿರಸ್ಕರಿಸುತ್ತದೆ. ಸಣ್ಣ ಇಮೇಜ್ ಹೋಗಿ ದೊಡ್ಡದು 413 ದೋಷ ಕೊಟ್ಟರೆ ಬೇರೆಲ್ಲೂ ಹುಡುಕಬೇಡಿ. ಎಸ್3 ಮಾದರಿಯ ಆಬ್ಜೆಕ್ಟ್ ಸ್ಟೋರೇಜ್ ಬಳಸಿದರೆ ಡಿಸ್ಟ್ರಿಬ್ಯೂಶನ್ ಪದರ ಕೇಳಿದವರನ್ನು ನೇರ ಆ ಸ್ಟೋರೇಜ್‌ಗೇ ಕಳಿಸುತ್ತದೆ. ಪುಲ್ ಮಾಡುವ ಯಂತ್ರಕ್ಕೆ ಆ ವಿಳಾಸ ತಲುಪದಿದ್ದರೆ ಲಾಗಿನ್ ಆಗುತ್ತದೆ, ಮ್ಯಾನಿಫೆಸ್ಟ್ ಬರುತ್ತದೆ, ಪದರ ಮಾತ್ರ ಬರುವುದಿಲ್ಲ. ಈ ತಿರುಗಿಸುವಿಕೆಯನ್ನು ಸಂರಚನೆಯಲ್ಲಿ ನಿಲ್ಲಿಸಬಹುದು.

ಇನ್ನು ರಿಜಿಸ್ಟ್ರಿ ಎಲ್ಲಿರಬೇಕು ಎಂಬುದು. ಕುಬರ್ನೆಟಿಸ್ ಕ್ಲಸ್ಟರ್‌ಗೆ (ಯಂತ್ರಗಳ ಗುಂಪಿಗೆ) ಇಮೇಜ್ ಕೊಡುವ ರಿಜಿಸ್ಟ್ರಿಯನ್ನು ಅದೇ ಕ್ಲಸ್ಟರ್‌ನೊಳಗೆ ಇಟ್ಟರೆ ಬೀಜವೃಕ್ಷ ನ್ಯಾಯ ಎದುರಾಗುತ್ತದೆ. ಕ್ಲಸ್ಟರ್ ಪೂರ್ತಿ ನಿಂತು ಮತ್ತೆ ಏಳುವಾಗ ರಿಜಿಸ್ಟ್ರಿಯ ಇಮೇಜನ್ನು ಕೊಡಬೇಕಾದದ್ದು ಇನ್ನೂ ಏಳದ ರಿಜಿಸ್ಟ್ರಿ. ಅದನ್ನು ಹೊರಗೆ, ಬೇರೆ ಯಂತ್ರದಲ್ಲಿ ಇಡಿ. ಈ ಒಂದು ಮಾತಿನಲ್ಲಿ ನಾನು ರಾಜಿಯಾಗುವುದಿಲ್ಲ.

ತೀರ್ಮಾನಿಸುವ ಮುನ್ನ ಅರ್ಧ ದಿನ ಕೊಟ್ಟು ಒಂದು ಪರೀಕ್ಷೆ ಮಾಡಿ. ನಿಮ್ಮದೇ ಹತ್ತು ಇಮೇಜುಗಳನ್ನು, ಎರಡು ಬಗೆಯ ಪ್ರೊಸೆಸರ್‌ಗಳಿಗೆ ಕಟ್ಟಿದ ಕೆಲವನ್ನೂ ಸೇರಿಸಿ, ಪುಶ್ ಮಾಡಿ. ಡಿಸ್ಕ್ ಅಳೆಯಿರಿ. ಅರ್ಧದಷ್ಟನ್ನು ಅಳಿಸಿ, ಕಸ ತೆಗೆಯುವಾಗಲೇ ಇನ್ನೊಂದು ಪುಶ್ ಮಾಡಿ, ಅದಕ್ಕೆ ಅವಕಾಶವಿದೆಯೇ ಎಂದು ನೋಡಿ. ಮತ್ತೆ ಅಳೆಯಿರಿ. ಬಳಿಕ ಆ ಯಂತ್ರವನ್ನು ಆಫ್ ಮಾಡಿ, ಖಾಲಿ ಯಂತ್ರದ ಮೇಲೆ ಬ್ಯಾಕಪ್‌ನಿಂದ ಎಬ್ಬಿಸಿ, ಉಳಿದ ಐದನ್ನೂ ಡೈಜೆಸ್ಟ್ ಹಿಡಿದು ಪುಲ್ ಮಾಡಿ. ನಿಮ್ಮ ತಂಡದಲ್ಲಿ ಯಾರು ಬೇಕಾದರೂ ದಾಖಲೆ ನೋಡಿಕೊಂಡು ಇಷ್ಟನ್ನು ಮಾಡಲು ಆಗುವ ರಿಜಿಸ್ಟ್ರಿ ನಿಮ್ಮದು, ಸೌಲಭ್ಯಗಳ ಪಟ್ಟಿ ಎಷ್ಟೇ ಚಿಕ್ಕದಿರಲಿ.

ತಪ್ಪು ಆಯ್ಕೆಯಾದರೂ ಹೊರಬರಲು ದಾರಿ ಇದೆ, ಹೆಸರುಗಳನ್ನು ಮೊದಲೇ ಸರಿಯಾಗಿ ಇಟ್ಟಿದ್ದರೆ. ಇಮೇಜಿನ ಹೆಸರಿನೊಳಗೇ ಸರ್ವರ್‌ನ ವಿಳಾಸ ಇರುತ್ತದೆ. ಅದು ನೂರಾರು ಕಡತಗಳಲ್ಲಿ ಹೋಗಿ ಕೂರುತ್ತದೆ. ಆ ವಿಳಾಸದಲ್ಲಿ ಹಾರ್ಬರ್ ಎಂದೋ ಝೊಟ್ ಎಂದೋ ಬರೆಯಬೇಡಿ, 5000ದಂತಹ ಪೋರ್ಟ್ ಸಂಖ್ಯೆಯನ್ನೂ ಸೇರಿಸಬೇಡಿ. ನಿಮ್ಮದೇ ಡೊಮೇನ್‌ನ ಒಂದು ಸಾದಾ ಹೆಸರಿರಲಿ. ಹಾದಿಯನ್ನು ಯಾವಾಗಲೂ ತಂಡ, ಅದರಡಿ ಆ್ಯಪ್ ಎಂದು ಎರಡು ಹಂತಗಳಲ್ಲಿ ಇಡಿ. ಡಿಸ್ಟ್ರಿಬ್ಯೂಶನ್ ಒಂದೇ ಹಂತವನ್ನೂ ಒಪ್ಪುತ್ತದೆ, ಆದರೆ ಹಾರ್ಬರ್‌ಗೆ ಪ್ರಾಜೆಕ್ಟ್ ಬೇಕು, ಗಿಟೀಗೆ ಮಾಲೀಕರ ಹೆಸರು ಬೇಕು. ಹೀಗಿದ್ದರೆ ಒಂದು ದಿನ ಸ್ಕೋಪಿಯೋದಿಂದ ಎಲ್ಲ ಪ್ರೊಸೆಸರ್‌ಗಳ ಇಮೇಜುಗಳನ್ನೂ ಒಳಗೊಳ್ಳುವ ಆಯ್ಕೆ ಕೊಟ್ಟು ಹೊಸ ಉಗ್ರಾಣಕ್ಕೆ ನಕಲು ಮಾಡಿ, ಹೆಸರನ್ನು ಯಂತ್ರದ ವಿಳಾಸಕ್ಕೆ ಜೋಡಿಸುವ ಡಿಎನ್‌ಎಸ್‌ನಲ್ಲಿ ಒಂದು ಸಾಲು ಬದಲಿಸಿದರೆ ಸಾಕು. ಪುಲ್ ಮಾಡುವ ಯಂತ್ರಗಳಿಗೆ ಮನೆ ಬದಲಾದದ್ದು ತಿಳಿಯುವುದೇ ಇಲ್ಲ.